ಕೊಸರು ಹಾಕಿ ತೂಗಿದ ಉಪಗ್ರಹ

ತೂಕ ಹೆಚ್ಚಾಯಿತು, ಅದಕ್ಕೇ ಉಪಗ್ರಹದಿಂದ ಕ್ಯಾಮೆರಾ ಕೈಬಿಟ್ಟರು ಎಂದು ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೂಕ ಹೆಚ್ಚಾದದ್ದು ಕಾಗದದ ಮೇಲೆ, ತಕ್ಕಡಿಯಲ್ಲಲ್ಲ.

ವಿದ್ಯಾರ್ಥಿಗಳ ಸ್ಪರ್ಧೆಯೊಂದಕ್ಕೆ ನಾವು ಮೂವರು ಪುಟ್ಟ ಉಪಗ್ರಹ ಯೋಜಿಸುತ್ತಿದ್ದೆವು. ಒಂದು ಕೆಜಿ ಮೀರುವಂತಿಲ್ಲ, ಕಾಲೇಜು ಕೊಟ್ಟ ದುಡ್ಡೂ ಮೀರುವಂತಿಲ್ಲ. ಹಗುರವಾದ ಪೆಟ್ಟಿಗೆ ದುಬಾರಿ, ಅಗ್ಗದ್ದು ಭಾರ. ಬೇರೆ ದಾರಿಯಿಲ್ಲದೆ ಅಗ್ಗದ್ದನ್ನೇ ಆರಿಸಿದ್ದೆವು. ಕೆರೆಗಳಲ್ಲಿ ನೀರೆಷ್ಟಿದೆ ಎಂದು ಮೇಲಿನಿಂದ ನೋಡುವ ಕ್ಯಾಮೆರಾ ಶಿಡ್ಲಘಟ್ಟದ ಗೆಳತಿಯದು. ವರ್ಷವಿಡೀ ಅದರ ಹಿಂದೆಯೇ ಬಿದ್ದಿದ್ದಳು. ತೂಕದ ಪಟ್ಟಿ ಚಿಂತಾಮಣಿಯ ಗೆಳೆಯನ ಕೈಯಲ್ಲಿತ್ತು. ಅವರದು ತರಕಾರಿ ಅಂಗಡಿ. ತೂಗಿದ ಮೇಲೆ ಗಿರಾಕಿಗೆ ಒಂದು ಹಿಡಿ ಕೊಸರು ಹಾಕಿಯೇ ಬೆಳೆದವನು. ಪಟ್ಟಿಯಲ್ಲೂ ಹಾಗೆಯೇ: ಬ್ಯಾಟರಿಗೆ ಐದು ಗ್ರಾಂ ಹೆಚ್ಚು, ಆಂಟೆನಾಗೆ ಐದು ಗ್ರಾಂ ಹೆಚ್ಚು.

"ಏನೋ ಇದು, ಸೊಪ್ಪು ಮಾರ್ತಿದ್ದೀಯಾ?" ಎಂದೆ.

"ತೂಗೋ ದಿನ ಕಮ್ಮಿ ಬಂದ್ರೆ ಯಾರೂ ಬೈಯಲ್ಲ. ಒಂದು ಗ್ರಾಂ ಜಾಸ್ತಿ ಬಂದ್ರೆ ರಾಕೆಟ್ ಹತ್ರಕ್ಕೂ ಬಿಡಲ್ಲ ಕಣಪ್ಪ. ಕೊಸರು ಇರ್ಲಿ."

ವಾದ ಸರಿಯಾಗಿಯೇ ಇತ್ತು. ಆದರೆ ಪಟ್ಟಿ ಮುಗಿದಾಗ ಕ್ಯಾಮೆರಾ ಒಂದಕ್ಕೇ ನಲವತ್ತು ಗ್ರಾಂ ಕೊಸರು ಬಿದ್ದಿತ್ತು. ಆ ನಲವತ್ತೇ ಒಟ್ಟು ತೂಕವನ್ನು ಕೆಜಿ ದಾಟಿಸಿತ್ತು. ಅವಳ ಕ್ಯಾಮೆರಾ ಮೇಲೆ ಇವನಿಗೆ ಹೊಟ್ಟೆಕಿಚ್ಚು, ಇನ್ನೇನು? ಸ್ಪರ್ಧೆಯವರಿಗೆ ಪಟ್ಟಿ ಕಳಿಸಲು ಇನ್ನೂ ಎರಡು ದಿನವಿತ್ತು. ಕ್ಯಾಮೆರಾವನ್ನು ನಮ್ಮೂರು ಗೌರಿಬಿದನೂರಿಗೆ ಒಯ್ದು, ಚಿನ್ನದಂಗಡಿಯ ತಕ್ಕಡಿಯಲ್ಲಿ ಇಡಿಸಿದೆ.

"ಇದ್ಯಾವ ಒಡವೇನಪ್ಪಾ, ಮದುವೆಗಾ?" ಎಂದು ಅಂಗಡಿಯವರು ನಕ್ಕರು. ತೂಕ ನಾನು ಅಂದುಕೊಂಡಂತೆಯೇ ಪಟ್ಟಿಯಲ್ಲಿದ್ದದ್ದಕ್ಕಿಂತ ನಲವತ್ತು ಗ್ರಾಂ ಕಡಿಮೆ ಬಂತು. ಐದೇ ಗ್ರಾಂ ಕೊಸರು ಹಾಕಿದರೆ ಕ್ಯಾಮೆರಾಗೆ ಕೆಜಿಯೊಳಗೇ ಧಾರಾಳವಾಗಿ ಜಾಗವಿತ್ತು.

ಮರುದಿನ ಪಟ್ಟಿಯನ್ನು ಗೆಳೆಯನ ಮುಖಕ್ಕೆ ಹಿಡಿದೆ. "ಅವಳದನ್ನ ಬೇಕಂತ್ಲೇ ಭಾರ ಮಾಡಿದ್ದೀಯ. ಒಪ್ಕೋ."

"ಡಿಬೇಟ್ ಆಮೇಲೆ ಮಾಡೋವಂತೆ. ಮೊದ್ಲು ಅಕ್ಷರ ನೋಡೋ," ಎಂದ. "ಕ್ಯಾಮೆರಾದ್ದು ನಾನೇ ಬರೀತೀನಿ ಅಂತ ಅವಳೇ ಇಸ್ಕೊಂಡ್ಲು."

ನೋಡಿದೆ. ಆ ಸಾಲಿನಲ್ಲಿದ್ದದ್ದು ಗೆಳತಿಯ ದುಂಡನೆಯ ಅಕ್ಷರ. ಆ ಕ್ಯಾಮೆರಾ ತೆಗೆದ ಒಂದು ಚಿತ್ರವನ್ನೂ ಅವಳು ನಮಗೆ ತೋರಿಸಿರಲಿಲ್ಲ ಎಂಬುದು ಆಗ ಹೊಳೆಯಿತು.

ಅವಳು ಲ್ಯಾಬಿನಲ್ಲಿ ವೈರು ಸುತ್ತುತ್ತಿದ್ದಳು. ಚಿನ್ನದಂಗಡಿಯ ಚೀಟಿಯನ್ನು ಮುಂದಿಟ್ಟೆ. ಓದಿದಳು, ಮಡಚಿದಳು, ಮತ್ತೆ ವೈರಿಗೇ ಕೈಹಾಕಿದಳು.

"ಜಾಗ ಇದೆ, ಇವತ್ತೇ ಸೇರಿಸ್ಬೋದು," ಎಂದೆ. "ನಿಜ ಹೇಳಮ್ಮ, ನಿನ್ನ ಕ್ಯಾಮೆರಾ ಕೆಲಸ ಮಾಡುತ್ತಾ?"