ಚೆಕಿಂಗ್ ಮಾವನ ಕೊನೆಯ ಪ್ರಶ್ನೆ

ಕ್ರಿಸ್‌ಮಸ್ ಹತ್ತಿರವಾಗಿ, ನೀವು ಕೊಟ್ಟಷ್ಟನ್ನೇ ಇನ್ನೊಬ್ಬ ದಾನಿ ಸೇರಿಸಿ ಕೊಡುತ್ತಾರೆ ಎಂಬ ಜಾಹೀರಾತು ಪತ್ರಿಕೆಯಲ್ಲಿ ಬಂತೆಂದರೆ ಮುಗಿಯಿತು, ಚೆಕಿಂಗ್ ಮಾವನ ಮೈಮೇಲೆ ಹಳೆಯ ಖಾಕಿ ಬಂದು ಕೂತುಬಿಡುತ್ತದೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ಬೋಳಾದ ಜೀವ ಅದು. ದಾನವನ್ನು ಮಾತ್ರ ಟಿಕೆಟ್ ನೋಡದೆ ಹತ್ತಿಸಿಕೊಳ್ಳುತ್ತಾರೆಯೇ? "ನಾನು ಕೊಟ್ಟ ಕಡೆಗೇ ಇನ್ನೊಬ್ಬರ ದುಡ್ಡೂ ಹೋಗುತ್ತಮ್ಮ, ನೋಡಿ ಕೊಡ್ಬೇಡ್ವಾ?" ಎಂದು ಸೊಸೆಗೆ ಹೇಳಿ ಫೋನು ಹಿಡಿದು ಕೂರುತ್ತಾರೆ. ಬೀದಿನಾಯಿಗಳನ್ನು ಸಾಕುವವರಿಗೆ "ಎಲ್ಲಿ, ಒಂದು ಸಲ ಬೊಗಳಿಸಿ" ಅನ್ನುತ್ತಾರೆ. ಕಣ್ಣಾಸ್ಪತ್ರೆಯವರನ್ನು ನಿಮ್ಮ ಡಾಕ್ಟರಿಗೆ ಕನ್ನಡಕ ಉಂಟೇ ಎಂದು ಕೇಳಿ ಬೈಸಿಕೊಳ್ಳುತ್ತಾರೆ. ಅನಾಥಾಲಯವಾದರೆ ಮಾತ್ರ ದನಿ ತಗ್ಗುತ್ತದೆ. ಊಟ, ಓದು, ಹಾಸಿಗೆ ಎಲ್ಲ ವಿಚಾರಿಸಿ ಕೊನೆಗೆ, "ಒಂದೊಂದು ಮಗೂಗೂ ಬೇರೆ ಬೇರೆ ಬಾಚಣಿಗೆ ಇದ್ಯಾ?" ಅನ್ನುತ್ತಾರೆ. ಸುತ್ತಿ ಬಳಸದೆ "ಇಲ್ಲ ಸಾರ್" ಅಂದವರಿಗೇ ದಾನ! ಸೊಸೆಗೆ ಇದೊಂದು ಬಿಡಿಸಲಾಗದ ಗಂಟು. ಹಾಗೆ ನೋಡಿದರೆ, ಒಂದೆಳೆ ಕೂದಲಿಲ್ಲದ ಮಾವನ ಅಂಗಿಯ ಜೇಬಿನಲ್ಲೂ ಸದಾ ಒಂದು ಬಾಚಣಿಗೆ. ಕೇಳಿದ್ದೆಲ್ಲ ಕೊಡಿಸುವ ಮುದ್ದಿನ ಮೊಮ್ಮಗಳಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ. ಈ ಸಲ ಸೊಸೆ ತಡೆಯಲಾರದೆ, "ಊಟ ಬಟ್ಟೆ ಎಲ್ಲಾ ಕೇಳಿದ್ಮೇಲೂ ಬಾಚಣಿಗೆ ಯಾಕೆ ಮಾವ?" ಎಂದು ಕೇಳಿಯೇಬಿಟ್ಟಳು. ಮಾವ ಜೇಬು ಮುಟ್ಟಿ ನೋಡಿಕೊಂಡರು. "ಊಟ ಬಟ್ಟೆ ಎಲ್ಲಾ ಚೆನ್ನಾಗೇ ಕೊಡ್ತಿದ್ರಮ್ಮ ನಮಗೆ," ಅಂದರು, "ಬಾಚಣಿಗೆ ಮಾತ್ರ ಅಷ್ಟೂ ಮಕ್ಕಳಿಗೆ ಸೇರಿ ಒಂದೇ ಇತ್ತು."