ಅವ್ವನ ಚೌರಿ, ಸಾಹೇಬರ ಕ್ರಾಪು

ನಾನು ಕ್ಷಮಿಸಿಬಿಡುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ‘ಪಾಪ, ಅಷ್ಟು ಮಾಡಬಾರದಿತ್ತು’ ಎಂದು ಯಾರೂ ನನಗೆ ಬುದ್ಧಿ ಹೇಳಲು ಬರಬಾರದು. ಹಾಗೆ ಹೇಳಲು ಬಂದವರೂ ಇದ್ದಾರೆ, ಚಹಾ ಕುಡಿದು ಹೋಗಿದ್ದಾರೆ.

ಆಳಂದದಲ್ಲಿ, ಬಸ್ ಸ್ಟ್ಯಾಂಡಿನಿಂದ ತುಸು ಒಳಗಡೆ, ಒಂದು ಪತ್ತಿನ ಸಹಕಾರಿ ಸಂಘದ ಶಾಖೆಯಲ್ಲಿ ನನ್ನ ಕೆಲಸ. ಮೊದಲು ಅಫಜಲಪುರದ ಶಾಖೆಯಲ್ಲಿದ್ದೆ. ಅಲ್ಲಿ ಒಳಗಿನ ಕೋಣೆಯಲ್ಲಿ ಕೂತು ಹಳೆಯ ಕಾಗದ ಜೋಡಿಸಿ ಜೋಡಿಸಿ ಮೂಗಿನೊಳಗೆಲ್ಲ ಧೂಳು ಕಟ್ಟಿತ್ತು. ಆಳಂದಕ್ಕೆ ವರ್ಗವಾಗಿ ಬಂದಮೇಲೆ ಕ್ಯಾಶ್ ಕೌಂಟರಿನ ಕುರ್ಚಿ ಸಿಕ್ಕಿತು. ತೊಗರಿ ಮಾರಿ ಬಂದವರು, ಮಗಳ ಲಗ್ನಕ್ಕೆಂದು ಇಟ್ಟಿದ್ದನ್ನು ತೆಗೆಯಲು ಬಂದವರು, ಎಲ್ಲರೂ ನನ್ನ ಕಿಟಕಿಯ ಮುಂದೆಯೇ ನಿಲ್ಲಬೇಕು. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲ ಸುದ್ದಿ ಮೊದಲು ನನಗೇ. ‘ತಂಗಿ, ಉಂಡೇನವಾ?’ ಎಂದು ಕೇಳದೆ ಯಾರೂ ಹೋಗುತ್ತಿರಲಿಲ್ಲ. ಲಗ್ನವಾಗದೆ ಅವ್ವನ ಜೊತೆ ಇಬ್ಬರೇ ಇರುವ ಹೆಂಗಸಿಗೆ ಅಂಥ ಕುರ್ಚಿ ಎಂದರೆ ಏನು ಎಂಬುದು ಮನೆ ತುಂಬ ಜನ ಇರುವವರಿಗೆ ತಿಳಿಯಲಿಕ್ಕಿಲ್ಲ.

ಒಂದು ಬೇಸಿಗೆ ಟೈಫಾಯ್ಡ್ ಬಂತು. ಜ್ವರ ಹೋಯಿತು, ಹೋಗುವಾಗ ಕೂದಲನ್ನೂ ಕರೆದುಕೊಂಡು ಹೋಯಿತು. ಬಾಚಣಿಕೆ ಹಾಕಿದರೆ ಹಿಡಿ ಹಿಡಿಯಾಗಿ ಬರುತ್ತಿತ್ತು. ಮೊಣಕಾಲಿಗೆ ಮುಟ್ಟುವ ಜಡೆ ಇದ್ದವಳು ನಾನು. ಈಗ ರಬ್ಬರ್ ಬ್ಯಾಂಡು ಹಾಕಿದರೆ ಇಲಿಬಾಲದಷ್ಟು ಉಳಿಯಿತು. ಕನ್ನಡಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟೆ.

ಆಗ ಅವ್ವ ಗೋಡೆಯ ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ನಮ್ಮ ಓಣಿಗೆ ‘ಕೂದ್ಲಾ ಕೊಡ್ರೀ, ಪಿನ್ನಾ ತೊಗೊಳ್ರೀ’ ಎಂದು ಕೂಗುತ್ತ ಹೆಂಗಸರು ಬರುತ್ತಾರೆ. ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕಿಟ್ಟು, ಅವರು ಬಂದಾಗ ಕೊಟ್ಟು ಪಿನ್ನು, ಸ್ಟೀಲ್ ಬಟ್ಟಲು ತೆಗೆದುಕೊಳ್ಳುವುದು ಎಲ್ಲರ ಮನೆಯ ರೂಢಿ. ನಮ್ಮವ್ವ ಮಾತ್ರ ಎಂದೂ ಕೊಡಲಿಲ್ಲ. ತನ್ನ ಹರೆಯದಿಂದಲೂ ಉದುರಿದ್ದನ್ನೆಲ್ಲ ಕೂಡಿಟ್ಟಿದ್ದಳು. ‘ನಿನ್ನ ಲಗ್ನದಾಗ ಹೂವಿನ ಜಡಿಗೆ ಬೇಕಾಗ್ತದಂತ ಇಟ್ಟಿದ್ದೆ. ಲಗ್ನ ಅಂತೂ ಬ್ಯಾಡ ಅಂದಿ. ಇದಕ್ಕರೆ ಆಗ್ಲಿ’ ಎಂದು, ಆ ಕೂದಲಿನ ಹೆಂಗಸನ್ನೇ ಕಟ್ಟೆಗೆ ಕೂಡಿಸಿ ಚೌರಿ ಕಟ್ಟಿಸಿದಳು. ನನ್ನ ಇಲಿಬಾಲಕ್ಕೆ ಅದನ್ನು ಸೇರಿಸಿ ಹೆಣೆದಳು. ಅವಳ ಕೂದಲು ನನ್ನದಕ್ಕಿಂತ ತುಸು ಕೆಂಪು. ಇರಲಿ, ಬೆನ್ನಿನ ಮೇಲೆ ಮತ್ತೆ ಭಾರ ಬಂತಲ್ಲ ಎಂದು ನಾನು ಅವತ್ತು ಅತ್ತೆ. ಮರುದಿನ ತಲೆಯೆತ್ತಿ ಆಫೀಸಿಗೆ ಹೋದೆ.

ಅಷ್ಟರಲ್ಲೇ ನಮ್ಮ ಶಾಖೆಗೆ ಹೊಸ ಮ್ಯಾನೇಜರು ಬಂದಿದ್ದರು. ಜೇವರ್ಗಿ ಕಡೆಯವರು. ದಪ್ಪ ಮೀಸೆ, ತಲೆಯ ಮೇಲೆ ಒತ್ತಾದ ಕಪ್ಪು ಕ್ರಾಪು. ಅದರಲ್ಲಿ ಒಂದು ಕೂದಲೂ ಎಂದೂ ಅತ್ತಿತ್ತ ಸರಿದದ್ದನ್ನು ನಾವು ನೋಡಲಿಲ್ಲ. ಮಾತಿನಲ್ಲೆಲ್ಲ ‘ರೀ’ ಇರುತ್ತಿತ್ತು, ಮರ್ಯಾದೆ ಮಾತ್ರ ಇರುತ್ತಿರಲಿಲ್ಲ.

ಅವತ್ತು ಸೋಮವಾರ, ಕೌಂಟರಿನ ಮುಂದೆ ಜನ ಕಿಕ್ಕಿರಿದಿದ್ದರು. ಎಲ್ಲರ ಮುಂದೆ ನಿಂತವನು ಕಿವಿ ಮಂದವಾದ ಒಬ್ಬ ಮುತ್ಯಾ. ಪ್ರತಿ ಸೋಮವಾರ ಬರುವವನು, ನನ್ನ ಕೈಯಿಂದಲೇ ಹಣ ತೆಗೆದುಕೊಳ್ಳಬೇಕೆಂದು ಹಟ ಹಿಡಿಯುವವನು. ಮ್ಯಾನೇಜರು ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಪೆನ್ನಿನ ತುದಿಯಿಂದ ನನ್ನ ಜಡೆಯನ್ನು ಎತ್ತಿದರು. ಸತ್ತ ಹಾವನ್ನು ಕೋಲಿನಿಂದ ಎತ್ತುತ್ತಾರಲ್ಲ, ಹಾಗೆ.

‘ಮೇಡಂ, ಈ ಜಡಿ ತುದಿ ಬ್ಯಾರೆ ಬಣ್ಣ ಯಾಕದ್ರಿ? ಚೌರಿ ಏನು?’

‘ಹೌದ್ರಿ ಸರ್’ ಎಂದೆ, ಮೆಲ್ಲಗೆ.

‘ಜೋರಾಗಿ ಹೇಳ್ರಿ. ಮುತ್ಯಾಗ ಕಿವಿ ಕೇಳಂಗಿಲ್ಲ.’

‘ಚೌರಿ ಅದರಿ.’

ಮುತ್ಯಾ ಕಿವಿಗೆ ಕೈ ಹಚ್ಚಿ ‘ಏನಂತದ?’ ಎಂದ. ಮ್ಯಾನೇಜರು ಬಾಗಿ ಅವನ ಕಿವಿಯಲ್ಲಿ ಕೂಗಿದರು: ‘ಜಡಿ ಖೋಟಾ ಅದಂತ ಮುತ್ಯಾ! ಮೇಡಂ ಅವ್ರದಲ್ಲ!’

‘ಹೌದಾ? ಮತ್ತ ಯಾರ್ದು ಆ ಕೂದ್ಲಾ?’

ಆ ಮುದುಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕೇಳಬೇಕೆನಿಸಿತು, ಕೇಳಿದ. ಕಿವಿ ಮಂದವಾದವರ ದನಿ ಜೋರು; ಬೀದಿಯವರೆಗೂ ಕೇಳಿಸಿತು. ‘ನಮ್ಮವ್ವಂದು’ ಎಂದೆ. ಕೌಂಟರಿನ ಆಚೆ ಈಚೆ ಎಲ್ಲ ಕಡೆ ನಗು ಎದ್ದಿತು.

‘ನೋಡ್ರಪಾ, ಖೋಟಾ ನೋಟ ಹಿಡಿಯೋ ಕುರ್ಚಿ ಮ್ಯಾಲ ಖೋಟಾ ಜಡಿ ಕೂತದ!’ ಎಂದು ಮ್ಯಾನೇಜರು ಇನ್ನೊಮ್ಮೆ ನಗಿಸಿದರು. ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಅವ್ವನ ಕೂದಲನ್ನು ಪೆನ್ನಿನ ತುದಿಗೆ ನೇತು ಹಾಕಿ ತೋರಿಸಿದರಲ್ಲ, ಅದನ್ನು ನುಂಗಲು ಆಗಲಿಲ್ಲ. ನಿನ್ನ ಬಾಯಿಂದಲೂ ಒಂದಿನ ಹೀಗೇ ಜೋರಾಗಿ ಹೇಳಿಸದಿದ್ದರೆ ನಾನು ನಮ್ಮವ್ವನ ಮಗಳೇ ಅಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಏನು ಹೇಳಿಸುವುದು ಎಂಬುದು ಆಗ ಗೊತ್ತಿರಲಿಲ್ಲ.

ಅದೇ ವಾರ ಅವರು ನನ್ನನ್ನು ಕೌಂಟರಿನಿಂದ ಎಬ್ಬಿಸಿದರು. ‘ಗಿರಾಕಿ ರೊಕ್ಕ ಎಣಸೋದು ಬಿಟ್ಟು ನಿಮ್ಮ ತಲಿ ನೋಡಾಕತ್ತಾರ್ರಿ. ಒಳಗ ಕೂಡ್ರಿ’ ಎಂದರು. ಮತ್ತೆ ಅದೇ ಒಳಗಿನ ಕೋಣೆ, ಅದೇ ಧೂಳು. ನನ್ನ ಕುರ್ಚಿಯ ಮೇಲೆ, ಆಗಷ್ಟೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿಯನ್ನು ಕೂಡಿಸಿದರು. ಅವಳದೇನೂ ತಪ್ಪಿಲ್ಲ. ಉದ್ದ ಜಡೆಯ ಹುಡುಗಿ, ಅಷ್ಟೇ.

ನಾನು ಸುಮ್ಮನೆ ಕೂರಲಿಲ್ಲ. ಅವ್ವನ ಚೌರಿಯನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಗೂಡಿನಲ್ಲಿಟ್ಟೆ. ಸೋಲಾಪುರದ ಬಸ್ಸು ಹತ್ತಿ, ಕೂದಲಿನ ಅಂಗಡಿ ಹುಡುಕಿ, ಭುಜದವರೆಗೆ ಬರುವ ಒಂದು ವಿಗ್ ತಂದೆ. ಆಮೇಲೆ ಗಿಡ್ಡದೊಂದು, ಗುಂಗುರು ಕೂದಲಿನದೊಂದು. ಜೊತೆಗೆ ದೊಡ್ಡ ತುರುಬು ಕಟ್ಟಲು ಸುರುಳಿ. ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ಜವಾನ ಒಂದಿನ ನನ್ನನ್ನು ಹೊರಗಿನವಳೆಂದು ತಿಳಿದು ‘ಬಾಯೀ, ಒಳಗ ಹೋಗಾಂಗಿಲ್ರಿ’ ಎಂದು ತಡೆದ. ಮ್ಯಾನೇಜರಿಗೆ ತಲೆ ಕೆಟ್ಟುಹೋಯಿತು.

‘ಇದು ಆಫೀಸೇನ್ರಿ, ನಾಟಕ ಕಂಪನಿಯೇನ್ರಿ? ದಿನಾ ಒಂದು ಏಸ!’ ಎಂದು ಕರೆಸಿ ಕೂಗಾಡಿದರು.

‘ಒಳಗಿನ ಖೋಲ್ಯಾಗ ಯಾರು ನೋಡಬೇಕ್ರಿ ಸರ್? ಹಲ್ಲಿ ಅಷ್ಟ ನೋಡ್ತಾವ’ ಎಂದೆ.

ಅವರು ಐಡಿ ಕಾರ್ಡಿನ ಫೋಟೋಕ್ಕೂ ಮುಖಕ್ಕೂ ತಾಳೆಯಾಗುವುದಿಲ್ಲ ಎಂದು ಗೊಣಗಿ ಕಳಿಸಿದರು. ಅವರು ಗೊಣಗಿದ ದಿನ ನನಗೆ ಎರಡು ರೊಟ್ಟಿ ಹೆಚ್ಚು ಸೇರುತ್ತಿತ್ತು. ಆದರೂ ಕುರ್ಚಿ ಸಿಗಲಿಲ್ಲವಲ್ಲ. ಸೋಮವಾರ ಮುತ್ಯಾ ಕಿಟಕಿಯಲ್ಲಿ ‘ಆ ತಂಗಿ ಎಲ್ಲಿ ಹೋದ್ಳು?’ ಎಂದು ಕೇಳುವುದು ಒಳಗೆ ನನಗೆ ಕೇಳಿಸುತ್ತಿತ್ತು.

ಸೋಲಾಪುರದ ಅಂಗಡಿಯವನು ಮೊದಲ ದಿನವೇ ನನಗೆ ಪಾಠ ಹೇಳಿದ್ದ. ವಿಗ್ ಹಾಕಿದಮೇಲೆ ಫ್ಯಾನಿನ ನೇರ ಕೆಳಗೆ ಕೂರಬಾರದು. ತುರಿಸಿದರೆ ಉಗುರು ಹಾಕಬಾರದು, ಮೇಲಿಂದ ಮೆಲ್ಲಗೆ ತಟ್ಟಬೇಕು. ಅಂಚಿಗೆ ಈ ಟೇಪು ಹಚ್ಚಬೇಕು ಎಂದು ಎರಡೂ ಕಡೆ ಅಂಟುವ ಒಂದು ಟೇಪು ಕೊಟ್ಟಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಫ್ಯಾನು! ಆಳಂದದ ಬೇಸಿಗೆಯಲ್ಲಿ ನೆತ್ತಿಯ ಮೇಲಿನ ಫ್ಯಾನು ಆರಿಸಿ ಬೆವರು ಒರೆಸಿಕೊಳ್ಳುತ್ತ ಕೂರುವ ಮನುಷ್ಯ ನಮ್ಮ ಆಫೀಸಿನಲ್ಲಿ ಒಬ್ಬರೇ ಇದ್ದರು. ಯೋಚನೆ ಬಂದಾಗಲೆಲ್ಲ ತಲೆ ತಟ್ಟಿಕೊಳ್ಳುವವರೂ ಅವರೇ. ಕೆಲವು ದಿನಗಳ ನಂತರ ಮ್ಯಾನೇಜರು ಸೀಲು ತರಲು ನನ್ನನ್ನೇ ತಮ್ಮ ಕ್ಯಾಬಿನ್ನಿಗೆ ಕಳಿಸಿದರು. ಮೇಜಿನ ಡ್ರಾ ಎಳೆದರೆ ಸೀಲಿನ ಪಕ್ಕದಲ್ಲಿ ಅದೇ ಟೇಪು. ನಾನು ಅಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಅವತ್ತೇ ಹೇಳಬಹುದಿತ್ತು. ಆಫೀಸಿನ ತುಂಬ ಡಂಗುರ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ನಾನು ಹೇಳಿದರೆ ಅದು ಚಾಡಿಯಾಗುತ್ತದೆ, ಅವರು ‘ಹುಚ್ಚಿ’ ಎಂದು ನಕ್ಕುಬಿಡುತ್ತಾರೆ. ಅವರ ಬಾಯಿಂದಲೇ ಬರಬೇಕು, ಜೋರಾಗಿ ಬರಬೇಕು. ಉಪ್ಪಿನಕಾಯಿ ಮಾಗಲಿ ಎಂದು ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಹಾಗೆ ನನ್ನ ಬಾಯಿ ಕಟ್ಟಿಕೊಂಡೆ.

ತೊಗರಿ ಸುಗ್ಗಿಯಲ್ಲಿ ಮ್ಯಾನೇಜರ ಅಪ್ಪ ತೀರಿಕೊಂಡರು. ವಯಸ್ಸಾಗಿತ್ತು. ಊರು ಜೇವರ್ಗಿಯಿಂದಲೂ ಆಚೆ. ಸುಗ್ಗಿಯ ಗದ್ದಲದಲ್ಲಿ ನಮ್ಮಲ್ಲಿ ಯಾರಿಗೂ ಹೋಗಲಾಗಲಿಲ್ಲ. ಮ್ಯಾನೇಜರು ದಿವಸದ ಕಾರ್ಯ ಮುಗಿಸಿಕೊಂಡು ಬರುತ್ತೇನೆಂದು ರಜೆ ಹಾಕಿ ಹೋದರು. ಕೌಂಟರಿನ ಹುಡುಗಿ ಆಗಲೇ ಹೆರಿಗೆಗೆ ತವರಿಗೆ ಹೋಗಿದ್ದಳು. ಚಾರ್ಜಿನಲ್ಲಿದ್ದ ನಮ್ಮ ಹಿರಿಯ ಗುಮಾಸ್ತರು ‘ಬಾರವಾ, ನಿನ್ನ ಕುರ್ಚಿ ಮ್ಯಾಲ ನೀ ಕೂಡು. ನನಗ ಈ ಗದ್ಲ ನೀಗಂಗಿಲ್ಲ’ ಎಂದರು. ಅವತ್ತು ಸಂಜೆ ಮನೆಗೆ ಹೋಗಿ ಗೂಡಿನಿಂದ ಅವ್ವನ ಚೌರಿ ತೆಗೆದೆ. ಸೋಲಾಪುರದ ವಿಗ್‌ಗಳನ್ನೆಲ್ಲ ಟ್ರಂಕಿಗೆ ಹಾಕಿದೆ.

ಮ್ಯಾನೇಜರು ವಾಪಸು ಬಂದದ್ದೂ ಒಂದು ಸೋಮವಾರವೇ. ಬಾಗಿಲಲ್ಲಿ ಅವರನ್ನು ಕಂಡವರು ‘ಸಮಾಧಾನ ಮಾಡ್ಕೊಳ್ರಿ ಸಾಹೇಬ್ರ’ ಎಂದು ಕೈ ಮುಗಿಯುತ್ತಿದ್ದರು, ಮುಗಿದ ಕೈ ಇಳಿಸುವುದನ್ನೇ ಮರೆಯುತ್ತಿದ್ದರು. ಅವರ ಮೀಸೆ ಇರಲಿಲ್ಲ, ಮೇಲ್ದುಟಿ ನುಣ್ಣಗಿತ್ತು. ತಲೆಯ ಮೇಲೆ ಮಾತ್ರ ಅದೇ ಒತ್ತಾದ ಕಪ್ಪು ಕ್ರಾಪು, ಬೈತಲೆ ಸಮೇತ.

ಅವರ ಮನೆತನದಲ್ಲಿ ತಂದೆ ಸತ್ತರೆ ಹಿರಿಯ ಮಗ ಮೀಸೆ, ತಲೆ ಎರಡನ್ನೂ ಬೋಳಿಸಿಕೊಳ್ಳಬೇಕು. ಅದು ಸುತ್ತಲ ಊರಿಗೆಲ್ಲ ಗೊತ್ತು. ಬೋಳು ತಲೆಯಲ್ಲೇ ಬಂದಿದ್ದರೆ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಅಪ್ಪ ಸತ್ತ ಮಗನ ಬೋಳಿಗೆ ಎಲ್ಲರೂ ಕೈ ಮುಗಿಯುತ್ತಾರೆ. ಜೀವಮಾನದಲ್ಲಿ ಅವರಿಗೆ ಮರ್ಯಾದೆಯಿಂದ ಬೋಳಾಗಿರಲು ಸಿಕ್ಕ ದಿನ ಅದೊಂದೇ. ಆದರೆ ಬೋಳು ಎಂಬುದೇ ಅವರ ಹೆದರಿಕೆಯಾಗಿತ್ತಲ್ಲ. ಬೆಳಿಗ್ಗೆ ಎದ್ದು ರೂಢಿಯಂತೆ ಟೇಪು ಹಚ್ಚಿ ವಿಗ್ ಇಟ್ಟುಕೊಂಡು ಬಂದುಬಿಟ್ಟಿದ್ದರು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಚೌರಿ ಇಲ್ಲದೆ ನಾನು ಹಾಲಿನವನಿಗೂ ಬಾಗಿಲು ತೆಗೆಯುತ್ತಿರಲಿಲ್ಲ. ಅರ್ಥವಾಯಿತೆಂದು ಬಿಡುವವಳು ಮಾತ್ರ ನಾನಲ್ಲ.

ಸಾಲಿನಲ್ಲಿ ಗುಸುಗುಸು ಶುರುವಾಯಿತು. ‘ಹಿರೇ ಮಗ ಅಲ್ಲೇನೋ?’ ‘ಮೀಸಿ ಕೊಟ್ಟು ತಲಿ ಉಳಿಸ್ಕೊಂಡಾನ ನೋಡು.’ ‘ಹೆತ್ತಪ್ಪಗ ಇಷ್ಟೂ ಆಗ್ಲಿಲ್ಲೇನು, ಥೂ.’ ಅದು ಅವರ ಕಿವಿಗೂ ಬಿದ್ದಿರಬೇಕು. ಮುಖ ಕೆಂಪು ಮಾಡಿಕೊಂಡು, ಆ ಸಿಟ್ಟನ್ನು ತೀರಿಸಿಕೊಳ್ಳಲು ಸೀದಾ ನನ್ನ ಕಡೆ ಬಂದರು.

‘ಮೇಡಂ, ಇಲ್ಲಿ ಯಾರು ಕೂಡಿಸಿದ್ರು ನಿಮ್ಮನ್ನ? ಅದ ಚೌರಿ ಹಾಕ್ಕೊಂಡು ಬಂದೀರಿ ಮತ್ತ. ಏಳ್ರಿ, ಒಳಗ ನಡೀರಿ.’

ಕಿಟಕಿಯ ಮುಂದೆ ಮುತ್ಯಾ ನಿಂತಿದ್ದ. ನಾನು ಏಳಲಿಲ್ಲ.

‘ಏಳ್ತೇನ್ರಿ ಸರ್. ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅಪ್ಪಾರ ದಿವಸಕ್ಕ ತಲಿ ಬೋಳಿಸ್ಕೊಳ್ಳಲಿಲ್ಲೇನ್ರಿ?’

ಎಲ್ಲರ ನಾಲಿಗೆಯ ಮೇಲೆ ಕುಣಿಯುತ್ತಿದ್ದ ಪ್ರಶ್ನೆ ಅದು.

‘ಬೋಳಿಸ್ಕೊಂಡೇನಿ’ ಎಂದರು, ಹಲ್ಲು ಕಡಿಯುತ್ತ.

‘ಮತ್ತ ಇದು?’ ಎಂದು ಪೆನ್ನಿನ ತುದಿಯಿಂದ ಅವರ ತಲೆಯತ್ತ ತೋರಿಸಿದೆ. ಮುಟ್ಟಲಿಲ್ಲ. ಅಷ್ಟು ಮರ್ಯಾದೆ ನನಗಿದೆ.

ಅವರು ಸಾಲಿನಲ್ಲಿದ್ದವರ ಮುಖಗಳನ್ನು ನೋಡಿದರು. ಅಪ್ಪನಿಗೆ ಕೂದಲು ಕೊಡದ ಮಗ ಎನಿಸಿಕೊಳ್ಳಬೇಕು, ಇಲ್ಲವೇ ನಿಜ ಹೇಳಬೇಕು. ಮೂರನೆಯ ದಾರಿ ಇರಲಿಲ್ಲ. ಅವರ ಹಣೆಯ ಅಂಚಿನಲ್ಲಿ ಬೆವರು ಒಡೆಯಿತು.

‘ವಿಗ್ ಅದ’ ಎಂದರು, ನನಗಷ್ಟೇ ಕೇಳುವಂತೆ.

ಎಷ್ಟು ಕಾಲದಿಂದ ಬಾಯೊಳಗೆ ಇಟ್ಟುಕೊಂಡಿದ್ದೆನೋ, ಆ ಮಾತು ಬೆಲ್ಲದ ಹಾಗೆ ಹೊರಗೆ ಬಂತು.

‘ಜೋರಾಗಿ ಹೇಳ್ರಿ ಸರ್. ಮುತ್ಯಾಗ ಕಿವಿ ಕೇಳಂಗಿಲ್ಲ.’

ಅವರಿಗೆ ನೆನಪಾಯಿತು. ಕಣ್ಣಿನಲ್ಲಿ ಅದು ಕಂಡಿತು, ಅದನ್ನು ನೋಡಲೆಂದೇ ನಾನು ಕಾದಿದ್ದು.

‘ವಿಗ್ ಅದ! ನನ್ನ ಕೂದ್ಲಲ್ಲ ಇದು!’ ಎಂದು ಕೂಗಿದರು. ದನಿ ಒಡೆದಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

ಮುತ್ಯಾ ಕಿವಿಯಿಂದ ಕೈ ತೆಗೆದು, ಅವರ ತಲೆಯನ್ನು ಮೇಲಿನಿಂದ ಕೆಳಗೆ ನೋಡಿ, ಬೀದಿಗೆ ಕೇಳುವಂತೆ ಕೇಳಿದ: ‘ಹೌದಾ? ಮತ್ತ ಯಾರ್ದು ಆ ಕೂದ್ಲಾ?’

ಅಂಗಡಿಯಲ್ಲಿ ಕೊಂಡ ಕೂದಲು ಯಾರದೆಂದು ಯಾರಿಗೆ ಗೊತ್ತಿರುತ್ತದೆ? ಅದೇ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರವಿತ್ತು.

ಮ್ಯಾನೇಜರು ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಫ್ಯಾನು ಜೋರಾಗಿ ತಿರುಗುವ ಸದ್ದು ಕೇಳಿಸಿತು. ನಾನು ಅವ್ವನ ಜಡೆಯನ್ನು ಹಿಂದಿನಿಂದ ಎದೆಯ ಮೇಲೆ ಎಳೆದುಕೊಂಡು, ಮುತ್ಯಾನ ಪಾಸ್‌ಬುಕ್ಕಿಗೆ ಕೈ ಚಾಚಿದೆ.