ಬೀಗರ ಮನೆಗೆ ಹೋದ ಹಾಲಿನ ಗಾಡಿ

ಇನ್ನೊಬ್ಬರ ಬದುಕಿನ ಲೆಕ್ಕ ಮಾಡಿಕೊಡುವವನ ಹೊಣೆ ಬಹಳ ದೊಡ್ಡದು. ಅದನ್ನು ವಿವೇಕದಿಂದ, ವಿನಯದಿಂದ, ಪೂರ್ಣ ಎಚ್ಚರದಿಂದ ಹೊರಬೇಕು. ಈ ಸತ್ಯ ನನಗೆ ಹೊಳೆದದ್ದು ಹತ್ತರಗಿಯ ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಅಂಗಳದಲ್ಲಿ, ಬೀಗರು ಕೊಟ್ಟ ಜೋಳದ ಚೀಲದ ಮೇಲೆ ಕೂತು, ಯಾರೋ ಕಾರಿನವರು ಊಟ ಮುಗಿಸಿ ಕೈ ತೊಳೆಯುವುದನ್ನು ಕಾಯುತ್ತಿದ್ದಾಗ. ಹೊಳೆಯುವುದಕ್ಕೆ ಅದು ತಕ್ಕ ಹೊತ್ತಾಗಿರಲಿಲ್ಲ. ಮಸಗುಪ್ಪಿಯ ತೋಟಗಳಲ್ಲಿ ಅಷ್ಟೊತ್ತಿಗೆ ಎಮ್ಮೆ ಹಿಂಡಿ ಆಗಿತ್ತು.

ಮೊದಲಿನಿಂದ ಹೇಳುವುದು ಮೇಲು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿ ಮೂಡಲಗಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನಿವೃತ್ತ ಮಾಸ್ತರನಿಗೆ ಊರು ಎರಡು ಹಕ್ಕುಗಳನ್ನು ಕೊಡುತ್ತದೆ: ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಮತ್ತು ಯಾರೂ ಕೇಳದಿದ್ದರೂ ಸಲಹೆ ಕೊಡುವ ಸ್ವಾತಂತ್ರ್ಯ. ಕುರ್ಚಿಯನ್ನು ನಾನು ಅಷ್ಟಾಗಿ ಬಳಸಿಕೊಂಡಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಸಗುಪ್ಪಿಯ ಹೊರಗೆ ತೋಟದ ಮನೆಯಲ್ಲಿದ್ದಾನೆ. ಈಗ ನಲವತ್ತರ ಹತ್ತಿರದವನು. ಕುರಿ ಕಾಯ್ದುಕೊಂಡು ಬಂದ ಮನೆತನ. ಅಪ್ಪನ ಕಾಲಕ್ಕೆ ಕುರಿ ಕಡಿಮೆಯಾಗಿ ಹೊಲ ಹೆಚ್ಚಾಯಿತು, ಇವನ ಕಾಲಕ್ಕೆ ಒಂದು ಡೀಸೆಲ್ ಪಿಕಪ್ ಬಂತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೋಟಗಳನ್ನೆಲ್ಲ ಸುತ್ತಿ ಹಾಲಿನ ಕ್ಯಾನು ಹೇರಿಕೊಂಡು, ಗೋಕಾಕದಲ್ಲಿ ಹಾಲು ತಣ್ಣಗೆ ಮಾಡುವಲ್ಲಿಗೆ ಮುಟ್ಟಿಸುವುದು ಅವನ ಕೆಲಸ. ಹಾಲಿನ ಸಂಘದವರು ಈ ದಾರಿಯನ್ನು ಅವನಿಗೆ ವಹಿಸಿದ್ದರು. ಎಲ್ಲರೂ ಅದನ್ನು ರೂಟು ಎನ್ನುತ್ತಿದ್ದರು. ಅವನ ಮನೆಯ ರೊಟ್ಟಿ ಆ ರೂಟಿನ ಮೇಲೆಯೇ ನಿಂತಿತ್ತು.

ಒಂದು ಮಧ್ಯಾಹ್ನ ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ.

"ಡೀಸೆಲ್ ಗಾಡಿಗೆ ವಯಸ್ಸಾತ್ರಿ ಗುರುಗಳ. ಹೊಸಾದು ತಗೋಬೇಕಂತೇನಿ. ಕರೆಂಟಿನ ಪಿಕಪ್ ಬಂದಾವಂತಲ್ರಿ. ಅವು ದುಡಿಮಿಗೆ ಬರ್ತಾವೇನ್ರಿ, ಇಲ್ಲಾ ಬರೇ ಷೋಕಿಗೇನ್ರಿ?"

ಈ ಪ್ರಶ್ನೆಗಾಗಿ ನಾನು ನಿವೃತ್ತನಾದ ದಿನದಿಂದ ಕಾಯುತ್ತಿದ್ದೆನೆಂದರೆ ತಪ್ಪಾಗದು. ಮಗಳ ಮದುವೆಯಲ್ಲಿ ಉಳಿದ ಲಗ್ನಪತ್ರಿಕೆಯೊಂದನ್ನು ತಂದು, ಅದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಕೊಳ್ಳುವಾಗ ಇದು ತುಟ್ಟಿ, ಓಡಿಸುವಾಗ ಅಗ್ಗ. ಸುಮ್ಮನೆ ನಿಲ್ಲಿಸಿಡುವವನಿಗೆ ನಷ್ಟ, ದಿನಾ ಓಡಿಸುವವನಿಗೆ ಲಾಭ. ದಿನಾ ಅದೇ ದಾರಿ, ಅದೇ ದೂರ, ಅದೇ ಭಾರ, ನಡುವೆ ನಿಂತು ಚಾರ್ಜು ಮಾಡಲು ನಾಲ್ಕೈದು ತಾಸು ಬಿಡುವು: ಇಂಥ ಗಾಡಿಗೆ ಇದಕ್ಕಿಂತ ಒಳ್ಳೆಯ ಕೆಲಸ ಹುಡುಕಿದರೂ ಸಿಗದು. ಆ ಲೆಕ್ಕ ಸರಿಯಾಗಿತ್ತು ಎಂದು ಈಗಲೂ ಹೇಳುತ್ತೇನೆ. ನನ್ನ ತಪ್ಪಿಗೆ ಅದು ಸಮಾಧಾನವಲ್ಲ.

ಅವನ ಹೆಂಡತಿ ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಗುರುಗಳ, ಒಂದ ದಿನಾನೂ ಹಾಲ ನಿಲ್ಲಂಗಿಲ್ಲಲ್ರಿ? ಹಾಲ ಒಡದ್ರ ರೂಟ ಹೋಗತೈತ್ರಿ."

"ನಿಲ್ಲಂಗಿಲ್ಲವಾ," ಎಂದೆ. "ನಾ ಹೇಳತೇನಲ್ಲ."

ಗಾಡಿ ಬಂತು. ಮೊದಲ ವಾರದಲ್ಲೇ ಎರಡು ಸಂಗತಿಗಳು ನನ್ನ ಲೆಕ್ಕದಿಂದ ತಪ್ಪಿಸಿಕೊಂಡಿದ್ದು ತಿಳಿಯಿತು. ಒಂದು, ತೋಟದಲ್ಲಿ ಕರೆಂಟು ಪಾಳಿಯ ಮೇಲೆ ಬರುತ್ತದೆ; ನಾನು ಮೂಡಲಗಿಯ ನನ್ನ ಮನೆಯ ಕರೆಂಟನ್ನು ಎಲ್ಲರ ಮನೆಗೂ ಧಾರಾಳವಾಗಿ ಹಂಚಿ ಲೆಕ್ಕ ಮಾಡಿದ್ದೆ. ಇದಕ್ಕೆ ಪರಿಹಾರವಾಗಿ ಬೆಳಗಿನ ಹಾಲು ಮುಟ್ಟಿಸಿ ಬಂದ ಗಾಡಿ ನಮ್ಮ ಮನೆಯ ಮುಂದೆ ನಿಂತು, ಕಿಟಕಿಯಿಂದ ಹೊರಬಂದ ವಯರಿನಲ್ಲಿ ಮೂರು ಗಂಟೆಯ ತನಕ ಚಾರ್ಜಾಗತೊಡಗಿತು. ಬೇಡವೆಂದರೂ ಅವನು ದಿನಕ್ಕೊಂದು ತಂಬಿಗೆ ಹಾಲು ನಮ್ಮ ಅಡುಗೆಮನೆಯಲ್ಲಿ ಇಟ್ಟು ಹೋಗುತ್ತಿದ್ದ.

ಎರಡನೆಯದು ಎಮ್ಮೆಗಳಿಗೆ ಸಂಬಂಧಿಸಿದ್ದು. ಹಳೆಯ ಗಾಡಿ ಕಾಲುವೆಯ ತಿರುವಿನಲ್ಲಿ ಗುಡುಗುಡು ಎನ್ನುತ್ತಲೇ ತೋಟದ ಹೆಂಗಸರು ಚರಿಗೆ ಹಿಡಿದು ಎಮ್ಮೆಯ ಹತ್ತಿರ ಹೋಗುತ್ತಿದ್ದರು. ಹೊಸ ಗಾಡಿಗೆ ಸದ್ದೇ ಇಲ್ಲ. ಅದು ಬಂದು ಬಾಗಿಲಲ್ಲಿ ನಿಂತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಏನೋ ಮಾರಾಯಾ, ಕಳ್ಳನ ಗತೆ ಬರ್ತೀಯಲ್ಲೋ!" ಎಂದು ಒಬ್ಬ ಮುದುಕಿ ಬೈದಳಂತೆ.

ಹಾರನ್ನು ಹೊಡೆದರೆ ಎಮ್ಮೆಗಳು ಬೆದರಿ ಹಾಲು ಬಿಡದೆ ಏರಿಸಿಕೊಂಡವು. ಕೊನೆಗೆ ಅವನೇ ಅಪ್ಪನ ಕಾಲದ ಕುರಿಯ ಗಂಟೆಯೊಂದನ್ನು ಮುಂದಿನ ಬಂಪರಿಗೆ ಕಟ್ಟಿದ. ಹೊಸ ಕಾಲದ ಯಂತ್ರ ಟಣಟಣ ಎನ್ನುತ್ತ ತೋಟ ಸುತ್ತತೊಡಗಿತು, ಎಮ್ಮೆಗಳೂ ಒಪ್ಪಿದವು. ಈ ಉಪಾಯ ನನಗೆ ಹೊಳೆದಿರಲಿಲ್ಲ. ಆದರೂ ಕೇಳಿದವರಿಗೆ ನಾನು ಅದನ್ನು ಬಹುವಚನದಲ್ಲಿ ಹೇಳುತ್ತಿದ್ದೆ: "ಗಂಟಿ ಕಟ್ಟಿದ್ವಿ."

ಕೇಳುವವರಿಗೇನೂ ಕಡಿಮೆ ಇರಲಿಲ್ಲ. ಕಟ್ಟೆಯ ಮೇಲೆ ಕೂತು ನಾನು ಬ್ಯಾಟರಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಗಾಡಿ ಖಾಲಿ ನಿಂತಿದೆಯಲ್ಲ ಎಂದು ಓಣಿಯವರು ಒಂದಿಲ್ಲೊಂದು ಸಾಮಾನು ಸಾಗಿಸಲು ಕೇಳುತ್ತಿದ್ದರು. ಒಬ್ಬರಿಗೆ ಪೈಪು, ಒಬ್ಬರಿಗೆ ಹಂಚು. ಎಲ್ಲರನ್ನೂ ನಾನೇ ಬೈದು ಕಳಿಸುತ್ತಿದ್ದೆ. "ಅದು ಖಾಲಿ ನಿಂತಿಲ್ಲೋ, ಉಣ್ಣಾಕತ್ತೈತಿ. ಉಣ್ಣಾವರ್ನ ಯಾರರ ಎಬ್ಬಸ್ತಾರೇನು?" ಈ ಮಾತು ನನಗೆ ಎಷ್ಟು ಹಿಡಿಸಿತ್ತೆಂದರೆ, ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ.

ಹೀಗೆ ಏಳೆಂಟು ತಿಂಗಳು ಒಂದು ಹೊತ್ತೂ ಹಾಲು ನಿಲ್ಲಲಿಲ್ಲ.

ನಮ್ಮ ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಮದುವೆಯಲ್ಲಿ ಅವಳಿಗೆಂದು ಮಾಡಿಸಿದ ಕಬ್ಬಿಣದ ತಿಜೋರಿ, ಎಂದರೆ ಆಳೆತ್ತರದ ಬೀರು, ಅಲ್ಲಿ ಹೊಸ ಮನೆ ಮುಗಿಯುವ ತನಕ ಎಂದು, ನಮ್ಮ ಪಡಸಾಲೆಯಲ್ಲೇ ನಿಂತು ಹೋಗಿಬರುವವರ ಮೊಣಕೈಗೆ ಬಡಿಯುತ್ತಿತ್ತು. ಮನೆ ಮುಗಿಯಿತು. ಬಾಡಿಗೆ ಗಾಡಿ ಮಾಡಿ ಕಳಿಸಿರೆಂದು ಹೆಂಡತಿ ಹೇಳಿದಳು. ಬಾಡಿಗೆ ಕೊಡುವುದು ನನಗೆ ಕಷ್ಟವಿರಲಿಲ್ಲ. ಆದರೆ ನಾನು ತರಿಸಿದ ಗಾಡಿಯನ್ನು ಬೀಗರು ನೋಡಬೇಕೆಂಬ ಆಸೆ ಹುಟ್ಟಿತ್ತು. ಹಾಲಿನ ಗಾಡಿಯನ್ನೇ ತಾ ಎಂದು ನನ್ನ ಹಳೆಯ ವಿದ್ಯಾರ್ಥಿಗೆ ಹೇಳಿದೆ.

"ಗುರುಗಳ, ಸಂಜೀಕ ಹಾಲ ಐತಲ್ರಿ," ಎಂದ ಅವನು, ನೆಲ ನೋಡುತ್ತ.

"ಲೆಕ್ಕಾ ನಾ ಮಾಡೇನೋ. ಮುಂಜಾನಿ ಹಾಲ ಮುಟ್ಟಿಸಿ ಸೀದಾ ಇಲ್ಲಿ ಬಾ. ಒಂದ ತಾಸು ಚಾರ್ಜ್ ಮಾಡೂಣು, ಹೋಗಿ ಬರೂಣು. ಬರೂಮುಂದ ಗಾಡಿ ಖಾಲಿ. ಮೂರಕ್ಕ ಮಸಗುಪ್ಪ್ಯಾಗ ಇರ್ತಿ."

ಕಲಿಸಿದ ಮಾಸ್ತರನಿಗೆ ಇಲ್ಲವೆನ್ನಲು ಅವನಿಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ.

ತಿಜೋರಿ ಹುಕ್ಕೇರಿ ಮುಟ್ಟಿತು. ಬೀಗರು ಗಾಡಿಯನ್ನು ಸುತ್ತುಹಾಕಿ ನೋಡಿದರು, ಗಂಟೆ ಬಾರಿಸಿ ನಕ್ಕರು. ನಾನು ಉಪನ್ಯಾಸ ಮಾಡಿದೆ. ಉಣ್ಣದೆ ಹೋಗುವ ಮಾತೇ ಇರಲಿಲ್ಲ. ಹೋಳಿಗೆಯ ಹೂರಣ ಇನ್ನೂ ರುಬ್ಬುತ್ತಿದ್ದರು. ಅವನು ಎರಡು ಸಲ ಬಾಗಿಲಿಗೆ ಬಂದು ನನ್ನ ಕಡೆ ನೋಡಿದ. ನಾನು ಕೈಯಿಂದಲೇ ಸನ್ನೆ ಮಾಡಿದೆ: ಲೆಕ್ಕ ಇದೆ. ಚಾರ್ಜಿಗೆ ಹಾಕೋಣವೆಂದರೆ ಓಣಿಯಲ್ಲಿ ಕರೆಂಟು ಹೋಗಿತ್ತು.

ಉಂಡು ಹೊರಗೆ ಬಂದರೆ ಗಾಡಿ ಖಾಲಿ ಇರಲಿಲ್ಲ. ನಮ್ಮ ಕಡೆ ಬೀಗರ ಗಾಡಿಯನ್ನು ಖಾಲಿ ಕಳಿಸುವುದೆಂದರೆ ಅವಮಾನ ಮಾಡಿದಂತೆ. ಜೋಳದ ಚೀಲ, ಬೆಲ್ಲದ ಪೆಂಟೆ, ಗೋಧಿ, ಕುಂಬಳಕಾಯಿ, ಅವೆಲ್ಲದರ ಮೇಲೆ ಗೋಕಾಕಕ್ಕೆ ಹೋಗಬೇಕಿದ್ದ ಬೀಗರ ಕಡೆಯ ಇಬ್ಬರು ಗಟ್ಟಿಮುಟ್ಟಾದ ಹಿರಿಯರು.

"ಇಷ್ಟ್ಯಾಕ್ರಿ ಬೀಗರ?" ಎಂದೆ ನಾನು, ಬೇಡವೆನ್ನುವ ಶಾಸ್ತ್ರಕ್ಕೆ.

"ಸುಮ್ನಿರ್ರಿ. ನಿಮ್ಮ ಗಾಡಿ ಎಷ್ಟ ಎಳಿತೈತಿ ನೋಡೂಣಂತ," ಎಂದರು ಬೀಗರು.

ಲಗ್ನಪತ್ರಿಕೆಯ ಹಿಂದೆ ಲೆಕ್ಕ ಹಾಕುವವನಿಗೆ ಲಗ್ನದ ಸಂಬಂಧ ಮರೆತುಹೋಗಿತ್ತು. ಇಳಿಸಿರೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀಗರ ಎದುರಿಗೆ ನನ್ನ ಗಾಡಿ ಭಾರಕ್ಕೆ ಹೆದರಿತು ಎನ್ನಿಸಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಊರು ದಾಟುತ್ತಲೇ ಅವನು ಮುಂದಿನ ಗಾಜಿನ ಕೆಳಗಿನ ಪರದೆಯನ್ನು ತೋರಿಸಿದ. "ಗೋಕಾಕನೂ ಮುಟ್ಟಂಗಿಲ್ರಿ ಗುರುಗಳ." ಹತ್ತರಗಿಯ ಹೋಟೆಲಿನಲ್ಲಿ ಚಾರ್ಜು ಮಾಡುವ ಕಂಬವಿದೆ ಎಂದು ನಾನೇ ಅತ್ತ ಹೊರಳಿಸಿದೆ. ಕಂಬವಿತ್ತು. ಅದಕ್ಕೆ ಒಂದು ಕಾರು ಅಂಟಿಕೊಂಡಿತ್ತು. ಕಾರಿನವರು ಕುಟುಂಬ ಸಮೇತ ಊಟಕ್ಕೆ ಕೂತಿದ್ದರು. ಹಿರಿಯರಿಬ್ಬರು ಕೆಳಗಿಳಿದು, ಇದಕ್ಕಿಂತ ಬಸ್ಸು ಬೇಗ ಎಂದು ಹೇಳಿ ಬಸ್ಸು ಹಿಡಿದರು.

ಮೂರೂವರೆಗೆ ಅವನ ಹೆಂಡತಿಯ ಫೋನು ಬಂತು. ಅವನು ದೂರ ಹೋಗಿ ಮಾತಾಡಿದ. ಮತ್ತೆ ನಾಲ್ಕೂವರೆಗೆ, ಐದಕ್ಕೆ. ನನಗೆ ಕೇಳಿಸಿದ್ದು ಇಷ್ಟೇ: "ಮೋಟರ್ ಸೈಕಲ್ ಮ್ಯಾಲ ಎಷ್ಟ ಹೋಗ್ತಾವ ಅಷ್ಟ ಕಳಸ. ಉಳದಿದ್ದು ತಣ್ಣೀರಾಗ ಇಡ... ಇಲ್ಲ, ನಾನಽ ಬಂದಿದ್ದೆ. ಗುರುಗಳ್ದೇನಿಲ್ಲ."

ಬೇಸಿಗೆಯ ದಿನ. ನಾವು ಮಸಗುಪ್ಪಿ ಮುಟ್ಟಿದಾಗ ದೀಪ ಹಚ್ಚಿದ್ದರು. ಬೈಕುಗಳಲ್ಲಿ ಹೋದ ಕೆಲವು ಕ್ಯಾನು ಬಿಟ್ಟರೆ ಉಳಿದ ಹಾಲು ಒಡೆದಿತ್ತು. ಮನೆಮನೆಯವರು ತಂತಮ್ಮ ಕ್ಯಾನನ್ನು ಗಟಾರಿಗೆ ಬಗ್ಗಿಸುವಾಗ ಅವನು ಪಕ್ಕದಲ್ಲಿ ನಿಂತಿದ್ದ. ನಾನು ಗಾಡಿಯೊಳಗೇ ಕೂತಿದ್ದೆ, ಕಾಲಡಿಗೆ ಕುಂಬಳಕಾಯಿ ಇಟ್ಟುಕೊಂಡು.

ಇಲ್ಲಿಯವರೆಗಿನದನ್ನು ಬುದ್ಧಿಗೇಡಿತನ ಎನ್ನಬಹುದು. ಮುಂದಿನದಕ್ಕೆ ಆ ಹೆಸರೂ ಹೊಂದುವುದಿಲ್ಲ.

ಎರಡನೆಯ ದಿನ ಸಂಘದ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. ನನ್ನನ್ನು ತಿಳಿದವನೆಂದು ನಂಬಿದ್ದ ಮನುಷ್ಯ.

"ಗುರುಗಳ, ಅಂವಾ ಗಾಡಿ ಕೈಕೊಟ್ಟತು ಅಂತಾನ. ನೀವು ಖರೆ ಹೇಳ್ರಿ, ಈ ಗಾಡಿ ಹಾಲಿನ ದುಡಿಮಿಗೆ ಬರತೈತೋ ಇಲ್ಲೋ?"

ಅವನು ನನ್ನ ಹೆಸರು ಹೇಳಿರಲಿಲ್ಲ. ನಾನೇ ಹೇಳಬೇಕಿತ್ತು. ಬಾಯಿ ತೆರೆದದ್ದೂ ಹೌದು. ಆದರೆ ಬಂದದ್ದು ಉಪನ್ಯಾಸ.

"ಗಾಡೀದೇನೂ ತಪ್ಪಿಲ್ರಿ. ಅದಕ್ಕೊಂದು ಮಿತಿ ಐತಿ. ಓಡಿಸಾಂವ ಆ ಮಿತಿ ತಿಳಕೊಂಡು ಓಡಿಸಬೇಕ್ರಿ."

"ಅಂದ್ರ ಅಂವಂದ ತಪ್ಪು," ಎಂದರು ಕಾರ್ಯದರ್ಶಿ.

ನಾನು ಸುಮ್ಮನಿದ್ದೆ. ಗಾಡಿಯ ಮಾನ ಉಳಿಯಿತು. ನನ್ನ ಲೆಕ್ಕದ ಮಾನವೂ ಉಳಿಯಿತು. ಒಳಗಿನಿಂದ ಹೆಂಡತಿ ಚಹಾ ತಂದು ಕಾರ್ಯದರ್ಶಿಯವರಿಗೆ ಕೊಟ್ಟಳು. ನನಗೆ ತರಲಿಲ್ಲ. ಅವರು ಹೋದ ಮೇಲೆ ಒಂದೇ ಮಾತು ಹೇಳಿದಳು: "ಸಾಲ್ಯಾಗ ಹುಡುಗೂರು ಸುಳ್ಳ ಹೇಳಿದ್ರ ಬೆಂಚಿನ ಮ್ಯಾಲ ನಿಂದರಸ್ತಿದ್ರಿ."

ನಿಲ್ಲಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಬಸ್ಸು ಹಿಡಿದು ಕಲ್ಲೋಳಿಯಲ್ಲಿದ್ದ ಕಾರ್ಯದರ್ಶಿಯವರ ಮನೆಗೆ ಹೋಗಿ, ತಿಜೋರಿಯಿಂದ ಕುಂಬಳಕಾಯಿಯ ತನಕ ಎಲ್ಲ ಹೇಳಿದೆ.

"ಮೊದಲಽ ಹೇಳಿದ್ರ ನೋಡಬಹುದಿತ್ರಿ," ಎಂದರು. "ನಿನ್ನಿ ಮೀಟಿಂಗ್ ಆತು. ನೀವು ಹೇಳಿದ್ದನ್ನಽ ನಾ ಅಲ್ಲಿ ಹೇಳೇನಿ."

ಅಲ್ಲಿಂದ ಮಸಗುಪ್ಪಿಗೆ ಹೋದೆ. ಅವನು ಅಂಗಳದಲ್ಲಿ ಖಾಲಿ ಗಾಡಿ ತೊಳೆಯುತ್ತಿದ್ದ. ನಾನು ಹೇಳಬೇಕೆಂದುಕೊಂಡು ಬಂದದ್ದನ್ನು ಅರ್ಧ ಹೇಳುವಷ್ಟರಲ್ಲಿ, "ಹೋಗ್ಲಿ ಬಿಡ್ರಿ ಗುರುಗಳ. ಬಿಸಲಾಗ ಯಾಕ ಬರಾಕ ಹೋದ್ರಿ, ಫೋನ್ ಮಾಡಿದ್ರ ನಾನಽ ಬರ್ತಿದ್ನಲ್ರಿ," ಎಂದು ಕುರ್ಚಿ ತಂದು ನೆರಳಿಗೆ ಹಾಕಿದ. ಅವನು ಬೈದಿದ್ದರೆ ನಾನು ಇಷ್ಟೊತ್ತಿಗೆ ಇದನ್ನು ಮರೆತಿರುತ್ತಿದ್ದೆ.

ಅವನ ಹೆಂಡತಿ ಚಹಾ ತಂದುಕೊಟ್ಟಳು. ಕೊಟ್ಟು, ಸೆರಗು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದಳು:

"ಗುರುಗಳ, ತಿಜೋರಿ ಮಗಳ ಮನಿ ಬಾಗಲಾಗ ಹಿಡಸ್ತೇನ್ರಿ?"

"ಹಿಡಸ್ತವಾ," ಎಂದೆ.

ಹಾಲಿನ ರೂಟು ಈಗ ಅದೇ ಊರಿನ ಹುಣಸೆಮರದ ತೋಟದವರ ಡೀಸೆಲ್ ಪಿಕಪ್ಪಿಗೆ ಆಗಿದೆ. ಅವನು ತನ್ನ ಗಾಡಿಯಲ್ಲಿ ಗೋಕಾಕ ಪೇಟೆಯೊಳಗೆ ಅಂಗಡಿಗಳಿಗೆ ಕಿರಾಣಿ ಸಾಮಾನು ಹಾಕುತ್ತಾನೆ. ಹಾಲಿನಲ್ಲಿ ಬರುತ್ತಿದ್ದಷ್ಟು ಬರುವುದಿಲ್ಲ. ಗಾಡಿಯನ್ನು ಈಗ ನಮ್ಮ ಕಿಟಕಿಯ ವಯರಿಗೆ ತರುವುದಿಲ್ಲ, ಅಲ್ಲಿಯೇ ಒಂದು ಗೋದಾಮಿನಲ್ಲಿ ಚಾರ್ಜು ಮಾಡಿಕೊಳ್ಳುತ್ತಾನೆ.